ಹುಲಿಗಳಲ್ಲಿ ತವರು ಬಿಡುವವನು ಮಗ

2011ರ ಮೇ ತಿಂಗಳಲ್ಲಿ ಶಿಕಾರಿಪುರದ ಬಳಿ ಹುಲಿಯೊಂದು ಸೆರೆಸಿಕ್ಕಿತು. ಮೈಮೇಲಿನ ಪಟ್ಟೆಗಳನ್ನು ಹಳೆಯ ಚಿತ್ರಗಳೊಡನೆ ಹೋಲಿಸಿದಾಗ ಅದು ಬಂಡೀಪುರದ ಗಂಡು ಎಂದು ತಿಳಿಯಿತು. ಸುಮಾರು 280 ಕಿಲೋಮೀಟರ್ ದೂರ! ನಡುವೆ ಎಷ್ಟು ಊರು, ಎಷ್ಟು ತೋಟ, ಎಷ್ಟು ಹೆದ್ದಾರಿ!

ಕ್ಯಾಮೆರಾಕ್ಕೆ ಸಿಕ್ಕ ಹುಲಿಯ ಕಥೆಯೇನೋ ಹೀಗೆ ತಿಳಿಯಿತು. ಸಿಗದವುಗಳದ್ದು? ಅದಕ್ಕೆ ಹುಲಿಯೇ ಎದುರಿಗೆ ಬರಬೇಕಿಲ್ಲ. ಕಾಡುದಾರಿಯಲ್ಲಿ ಬಿಟ್ಟುಹೋದ ಹಿಕ್ಕೆ ಸಾಕು. ಕರುಳಿನ ಒಳಪದರದಿಂದ ಕಳಚಿದ ಜೀವಕೋಶಗಳು ಹಿಕ್ಕೆಯ ಹೊರಮೈಗೆ ಅಂಟಿಕೊಂಡಿರುತ್ತವೆ. ಅವುಗಳ ಡಿಎನ್‌ಎ ತೆಗೆದು ನೋಡಿದರೆ ಯಾವ ಹುಲಿ, ಯಾರಿಗೆ ಯಾರು ನೆಂಟರು ಎಂಬುದು ಹೊರಬೀಳುತ್ತದೆ. ವೈ ವರ್ಣತಂತುವಿನ ಗುರುತಿದ್ದರೆ ಅದು ಗಂಡು. ಬಿಸಿಲು ಮಳೆಗೆ ಡಿಎನ್‌ಎ ಬೇಗ ಕೆಡುವುದರಿಂದ ಹಿಕ್ಕೆ ಹೊಸದಾಗಿರಬೇಕು, ಅಷ್ಟೆ. ಮೂಗು ಮುಚ್ಚಿಕೊಳ್ಳುವವರಿಗೆ ಈ ಕೆಲಸ ಹೇಳಿದ್ದಲ್ಲ.

ಒಂದು ಕಾಡಿನ ನೆರೆಹೊರೆಯ ಹೆಣ್ಣುಗಳು ಹತ್ತಿರದ ಸಂಬಂಧಿಗಳಾಗಿದ್ದು, ಗಂಡುಗಳು ಪರಸ್ಪರ ಪರಕೀಯರಾಗಿದ್ದರೆ ಏನರ್ಥ? ಹೆಣ್ಣು ಉಳಿದಿದೆ, ಗಂಡು ಹೊರಗಿನಿಂದ ಬಂದಿದೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮಧ್ಯಪ್ರದೇಶದ ಪೆಂಚ್ ಕಾಡಿನ ಬಗ್ಗೆ 2013ರಲ್ಲಿ ಪ್ರಕಟಿಸಿದ್ದು ಇದನ್ನೇ. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೋಗುತ್ತಾಳೆ. ಹುಲಿಗಳಲ್ಲಿ ಮಗಳಿಗೆ ತಾಯಿಯ ನೆಲದ ಪಕ್ಕದಲ್ಲೇ ಪಾಲು, ಎರಡು ವರ್ಷ ತುಂಬುವ ಹೊತ್ತಿಗೆ ಮಗನಿಗೆ ವಲಸೆ. ಅಣ್ಣ ತಂಗಿಯರೇ ಜೋಡಿಯಾಗುವುದು ಇದರಿಂದ ತಪ್ಪುತ್ತದೆ.

ಹಾಗೆ ಹೋಗಲು, ಬರಲು ದಾರಿಯಿಲ್ಲದಿದ್ದರೆ? ಒಡಿಶಾದ ಸಿಮ್ಲಿಪಾಲ್ ಹುಲಿಗಳು ಬೇರೆ ಕಾಡುಗಳಿಂದ ದೂರವಾಗಿ ಒಂಟಿಯಾಗಿವೆ. ಅಲ್ಲಿ ಪಟ್ಟೆಗಳು ಒಂದಕ್ಕೊಂದು ಕೂಡಿಕೊಂಡು ಕಪ್ಪಾಗಿ ಕಾಣುವ ಹುಲಿಗಳಿವೆ. ಒಂದೇ ಜೀನಿನ ಬದಲಾವಣೆ ಇದಕ್ಕೆ ಕಾರಣವೆಂದು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧಕರು 2021ರಲ್ಲಿ ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಮಾತ್ರ ಮರಿ ಕಪ್ಪು. ಬೇರೆಡೆ ತೀರಾ ಅಪರೂಪದ ಈ ಬಣ್ಣ ಅಲ್ಲಿ ಮಾಮೂಲಾಗಿರುವುದು ನೆಂಟರೊಳಗೇ ಸಂಸಾರ ನಡೆದಿರುವುದರ ಕುರುಹು.

ಹೊಸ ರಕ್ತಕ್ಕಾಗಿ 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣು ಹುಲಿಗಳನ್ನು ಸಿಮ್ಲಿಪಾಲಿಗೆ ತಂದರು. ಅವುಗಳಲ್ಲೊಂದು, ಜೀನತ್, ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ಸೇರಿತು. ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿಯಬೇಕಾಯಿತು. ಹೆಣ್ಣು ಹುಲಿ ಊರು ಬಿಡದು ಎಂಬ ಮಾತು ಅದಕ್ಕೆ ಅನ್ವಯಿಸಲಿಲ್ಲ. ಸಿಮ್ಲಿಪಾಲ್ ಅದರ ತವರಾಗಿರಲಿಲ್ಲವಲ್ಲ!