ದಿಲ್ಲಿಯಲ್ಲಿ ಕಂಡ ಏಡಿ

ದಿಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ನಾವು ಹೋದುದು ವಿನೋದಕ್ಕಲ್ಲ. ಘಟ್ಟದ ಜನರು ‘ಖೇಕಡಾ’, ಎಂದರೆ ಏಡಿ, ಎಂದು ಕರೆದ ವಿದ್ಯುತ್ ಎಂಜಿನಿನ ಪುಟ್ಟ ಪ್ರತಿಕೃತಿಗೆ ನಾವೂ ಮಗನೂ ಆರು ತಿಂಗಳು ದುಡಿದು ಹಿತ್ತಾಳೆಯ ಮೈಗವಸನ್ನು ಬೆಸೆದಿದ್ದೆವು. ಅದೂ ಒಂದೇ ತುಂಡಾಗಿ! (ಆ ಜಾಣತನ ನಮ್ಮದೇ.) ತಿರುವು ಬಂದೊಡನೆ ಅದು ಹಳಿ ತಪ್ಪುತ್ತಿದ್ದಿತು; ಹುಡುಗನು ಮಾತು ಬಿಟ್ಟಿದ್ದನು.

1928ರಲ್ಲಿ ಬೊಂಬಾಯಿ–ಪುಣೆ ಮಾರ್ಗಕ್ಕೆ ಬಂದ ‘ಸರ್ ಲೆಸ್ಲಿ ವಿಲ್ಸನ್’ ಇಲ್ಲಿ ವಿಶ್ರಮಿಸುತ್ತಿದೆ. ಬಗ್ಗಿ ನೋಡಿದೆವು. ಹಿಂದುಮುಂದಿನ ಮೂತಿಗಳೆರಡೂ ನಡುಕೋಣೆಗೆ ಅಂಟಿಲ್ಲ. ತಂತಮ್ಮ ಗಾಲಿಗಳ ಚೌಕಟ್ಟಿನ ಮೇಲೆ ಕುಳಿತು, ಅದರೊಡನೆಯೇ ತಿರುಗುವಂತಿವೆ.

ಊರಿಗೆ ಮರಳಿ ಕವಚವನ್ನು ಮೂರಾಗಿ ಕೊಯ್ದೆವು. ಮೋಟಾರು ನಡುವೆ, ಅಲ್ಲಿಂದ ಕೀಲುದಂಡಗಳು ಎರಡೂ ಚೌಕಟ್ಟುಗಳಿಗೆ. ಮೊದಲ ತಿರುವನ್ನು ಏಡಿಯು ದಾಟಿತು. ಎರಡನೆಯದರಲ್ಲಿ ಮೂತಿಯ ಅಂಚು ಕೋಣೆಗೆ ತಗುಲಿತು. “ಅರ ಕೊಡಿ, ಅಪ್ಪಾ,” ಎಂದನು ಮಗನು.