ಬಸಿರಿಯ ಮನೆಯ ಬೆಕ್ಕು

ನಾಯಿ ಯಜಮಾನನನ್ನು ನಂಬಿ ಬಾಳಿದರೆ ಬೆಕ್ಕು ಮನೆಯನ್ನು ನಂಬಿ ಬಾಳುತ್ತದೆ. ಯಾರ ಅಪ್ಪಣೆಗೂ ಕಾಯದೆ, ಅಡುಗೆಮನೆಯ ಬೆಚ್ಚನೆಯ ಮೂಲೆಯನ್ನು ತಾನೇ ಆರಿಸಿಕೊಂಡು ಹಕ್ಕಿನಿಂದ ಮಲಗುತ್ತದೆ. ಆದರೆ ಆ ಮನೆಯ ಹೆಣ್ಣುಮಗಳು ಬಸಿರಾದಳೆಂದರೆ ಮೊದಲು ಗಡೀಪಾರಿಗೆ ಗುರಿಯಾಗುವುದೂ ಅದೇ.

ಬೆಂಗಳೂರಿನ ಜಾಲಹಳ್ಳಿಯಾಚೆಗಿನ ಅಬ್ಬಿಗೆರೆಯ ಮನೆಯೊಂದರಲ್ಲಿ ಹೀಗೆಯೇ ಆಯಿತು. ಮೂರು ತಿಂಗಳ ಗರ್ಭಿಣಿಯಾದ ಮಗಳು ತವರಿಗೆ ಬಂದ ದಿನವೇ ಅಜ್ಜಿ ಮಗನನ್ನು ಕರೆದು ತೀರ್ಪಿತ್ತರು: "ಬಸಿರಿ ಇರೋ ಮನೇಲಿ ಬೆಕ್ಕು ಬೇಡ ಕಣೋ. ಗೋಣಿಚೀಲಕ್ಕೆ ಹಾಕಿ ಕೆರೆಯಾಚೆ ಬಿಟ್ಟು ಬಾ." ಮರಿಯಿಂದ ಸಾಕಿದ ಮಗಳ ಕಣ್ಣು ತುಂಬಿತು, ಆದರೆ ಹೊಟ್ಟೆಯೊಳಗಿನ ಕೂಸಿನ ಮಾತು ಬಂದಾಗ ಅವಳಿಗೂ ವಾದಿಸುವ ಧೈರ್ಯವಿರಲಿಲ್ಲ. ಚೀಲ ಹುಡುಕುವ ಮೊದಲು ವೈದ್ಯರನ್ನು ಕೇಳೋಣವೆಂದರು ತಂದೆ.

ಅಜ್ಜಿಯ ಭಯ ನಿರಾಧಾರವಾದುದಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶಜೀವಿಯೊಂದುಂಟು. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1908ರಲ್ಲಿ. ಅದರ ಬಾಳಿನಲ್ಲಿ ಬೆಕ್ಕಿನ ಪಾತ್ರ ಸ್ಪಷ್ಟವಾದದ್ದು 1970ರ ಸುಮಾರಿಗೆ. ಅದನ್ನು ತೋರಿಸಿಕೊಟ್ಟವರಲ್ಲಿ ಭಾರತೀಯ ಮೂಲದ ಪಶುವೈದ್ಯ ವಿಜ್ಞಾನಿ ಜಿತೇಂದರ್ ದುಬೆ ಒಬ್ಬರು. ಗರ್ಭಿಣಿಗೆ ಈ ಸೋಂಕು ಮೊದಲ ಸಾರಿ ತಗಲಿದರೆ ಅದು ಶಿಶುವಿಗೂ ದಾಟಬಹುದು. ಗರ್ಭಪಾತವಾಗಬಹುದು, ಕೂಸಿನ ಕಣ್ಣು ಮಿದುಳುಗಳಿಗೆ ಹಾನಿಯಾಗಬಹುದು. ತಾಯಿಗೋ ಅನೇಕ ವೇಳೆ ಯಾವ ಲಕ್ಷಣವೂ ತೋರುವುದಿಲ್ಲ.

ಮಗಳ ರಕ್ತಪರೀಕ್ಷೆಯಲ್ಲಿ ಸೋಂಕಿನ ಗುರುತೇ ಇರಲಿಲ್ಲ. ಮನೆಯವರು ನಿಟ್ಟುಸಿರುಬಿಟ್ಟರು. ಆದರೆ ವೈದ್ಯರು ಹೇಳಿದ್ದು ಬೇರೆ: ಗರ್ಭ ನಿಲ್ಲುವ ಮೊದಲೇ ಸೋಂಕು ಬಂದುಹೋದ ಆರೋಗ್ಯವಂತೆಗೆ ಸಾಮಾನ್ಯವಾಗಿ ರಕ್ಷಣೆಯುಂಟು, ಎಂದೂ ತಗಲದವಳೇ ಎಚ್ಚರದಿಂದಿರಬೇಕು.

ಎಚ್ಚರವೆಂದರೆ ಗೋಣಿಚೀಲವಲ್ಲ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ರೋಗ ಬರುವುದು ಅಪರೂಪ. ಇಲಿ, ಹಕ್ಕಿ ಅಥವಾ ಹಸಿಮಾಂಸ ತಿಂದು ಮೊದಲ ಸಾರಿ ಸೋಂಕಿತವಾದ ಬೆಕ್ಕು ಸುಮಾರು 1ರಿಂದ 3 ವಾರ ತನ್ನ ಮಲದಲ್ಲಿ ಈ ಜೀವಿಯ ಬೀಜಕೋಶಗಳನ್ನು ಹೊರಹಾಕುತ್ತದೆ. ಅವು ಹೊರಬಿದ್ದೊಡನೆ ಸೋಂಕು ತಗಲಿಸಲಾರವು. ಬಲಿಯಲು 1ರಿಂದ 5 ದಿನ ಬೇಕು. ಆದ್ದರಿಂದ ಬೆಕ್ಕಿನ ಮರಳಿನ ತಟ್ಟೆಯನ್ನು ದಿನವೂ ತಪ್ಪದೆ ಶುಚಿಮಾಡಿದರೆ ಅಪಾಯ ಬಹುಮಟ್ಟಿಗೆ ತಪ್ಪಿತು. ಆ ಕೆಲಸ ಮಾತ್ರ ಗರ್ಭಿಣಿಯದಲ್ಲ. ಎಂದೂ ಪೊರಕೆ ಹಿಡಿಯದ ತಂದೆ ಅಂದಿನಿಂದ ಮುಂಜಾನೆ ತಟ್ಟೆ ತೊಳೆದು ಕುದಿನೀರು ಹೊಯ್ಯತೊಡಗಿದರು. ಬೆಕ್ಕಿಗೆ ಬೇಯಿಸಿದ ಆಹಾರವೇ ಗತಿಯಾಯಿತು. ಬೇಟೆಗೆ ಹೋಗದಂತೆ ಬಾಗಿಲು ಮುಚ್ಚಿತು.

ಇಷ್ಟಕ್ಕೆ ಮುಗಿಯಲಿಲ್ಲ. ಸಾಕಿದ ಬೆಕ್ಕನ್ನು ಅಟ್ಟಿದರೂ ಬೀದಿಯ ಬೆಕ್ಕುಗಳು ಹಿತ್ತಲಿಗೆ ಬಾರದಿರುವುದಿಲ್ಲ. ಬಲಿತ ಬೀಜಕೋಶಗಳು ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಯಬಲ್ಲವು. ಕರಿಬೇವಿನ ಗಿಡದ ಬುಡ ಕೆದಕುವ ಕೈಗೆ ಕೈಚೀಲ ಬೇಕು; ಕೋಸಂಬರಿಯ ಸೌತೆಕಾಯಿ, ಕೊತ್ತಂಬರಿಗಳನ್ನು ಹಲವು ನೀರಿನಲ್ಲಿ ತೊಳೆಯಬೇಕು. ಬಸಿರಿಯ ಬಯಕೆಯೆಂದು ಕೆಮ್ಮಣ್ಣು ತಿನ್ನುವುದನ್ನು ಮುದ್ದಿನಿಂದ ಸಹಿಸುವ ಹಿರಿಯರು ಅಲ್ಲಿಯೇ ಗಟ್ಟಿಯಾಗಿ ತಡೆಯಬೇಕು. ಮಾಂಸಾಹಾರಿಗಳಾದರೆ ಒಳಗೆ ಕೆಂಪು ಉಳಿಯದಂತೆ ಬೇಯಿಸಬೇಕು. ಹಸಿಮಾಂಸ ಹೆಚ್ಚಿದ ಮಣೆ, ಕತ್ತಿ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಅರೆಬೆಂದ ತುಂಡೊಂದು ಮಡಿಲಿನ ಬೆಕ್ಕಿಗಿಂತ ಹೆಚ್ಚು ಅಪಾಯಕಾರಿಯಾಗಬಹುದು.

ಇಷ್ಟಾದರೂ ಸಂದೇಹ ಬಂದರೆ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು. ಗರ್ಭಿಣಿಗೂ ಕೊಡಬಹುದಾದ ಔಷಧಗಳುಂಟು. ಭಯಕ್ಕೆ ಒಂದು ದಿನದ ಸಾಹಸ ಸಾಕು: ಬೆಕ್ಕನ್ನು ಕೆರೆಯಾಚೆ ಬಿಟ್ಟರೆ ಅದು ತೃಪ್ತವಾಗುತ್ತದೆ. ತಿಳಿವಳಿಕೆ ಕೇಳುವುದು ಒಂಬತ್ತು ತಿಂಗಳ ನಿತ್ಯದ ದುಡಿಮೆಯನ್ನು. ಅದನ್ನು ಬಸಿರಿಯೊಬ್ಬಳ ತಲೆಗೆ ಕಟ್ಟದೆ ಮನೆಮಂದಿಯೆಲ್ಲ ಹೊತ್ತರೆ, ಹುಟ್ಟಲಿರುವ ಕೂಸಿಗೆ ಅದಕ್ಕಿಂತ ಒಳ್ಳೆಯ ಸ್ವಾಗತವಿಲ್ಲ.