ತೋಸಾ ಮೈದಾನ: ಕುರಿಗಳು ಮರಳಿ ಬಂದ ಹುಲ್ಲುಗಾವಲು

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನಲ್ಲಿ ನಂದೇಶ್ವರ ಎಂಬ ಊರಿದೆ. ಮಳೆ ಕಡಿಮೆ, ಕಲ್ಲು ಹೆಚ್ಚು. ಬಿಳಿಜೋಳ ಕೈಗೆ ಬಂದರೆ ಆ ವರ್ಷ ಗೆದ್ದಂತೆ. ಕಟಾವು ಮುಗಿದ ಮೇಲೆ ಹೊಲದವರೇ ಕುರಿಗಾರರನ್ನು ಕರೆದು ರಾತ್ರಿ ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗಾರನಿಗೆ ಕಾಳು ಸಿಗುತ್ತದೆ. ಅಲ್ಲಿಯ ಹುಡುಗರು ಬರಿಗಾಲಲ್ಲಿ ಹೊಲದಿಂದ ಹೊಲಕ್ಕೆ ಓಡುತ್ತಾರೆ. ಮುಳ್ಳು ಚುಚ್ಚೀತು, ಹೆಚ್ಚೆಂದರೆ ಹಾವು ಕಂಡೀತು ಎನ್ನುವುದಷ್ಟೇ ತಾಯಂದಿರ ಚಿಂತೆ.

ಆ ಊರಿನ ಕುರಿಗಾರ ಕಾಕಾ ಒಬ್ಬರ ಜೊತೆ ನಾನು ಮತ್ತು ನನ್ನ ಮನೆಯಾಕೆ 2023ರ ಜೂನ್ ತಿಂಗಳಲ್ಲಿ ಕಾಶ್ಮೀರಕ್ಕೆ ಹೋಗಿದ್ದೆವು. ಕಾಕಾನ ಮಗ ಸೇನೆಯಲ್ಲಿದ್ದಾನೆ. ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ರಜೆ ಸಿಕ್ಕಾಗ, "ಮಾಸ್ತರ್ರ, ಅಪ್ಪನ್ನೂ ಕರ್ಕೊಂಡು ಬರ್ರಿ, ನಾ ತೋರಸ್ತೀನಿ" ಎಂದು ಕರೆದಿದ್ದ. ದಾಲ್ ಸರೋವರ, ಮೊಗಲರ ತೋಟ, ಗುಲ್ಮಾರ್ಗ್ ಎಲ್ಲವನ್ನೂ ನೋಡಿದೆವು. ಅವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ಪ್ರವಾಸಿಗರು ಹೆಚ್ಚಾಗಿ ಹೋಗದ ಒಂದು ಹುಲ್ಲುಗಾವಲಿನ ಬಗ್ಗೆ.

ಗಂಟೆ ಇಲ್ಲದ 50 ವರ್ಷ

ಭಾನುವಾರ ಶ್ರೀನಗರದ ಪವಿತ್ರ ಕುಟುಂಬ ದೇವಾಲಯದಲ್ಲಿ ಬಲಿಪೂಜೆಗೆ ಹೋದೆವು. ಮೌಲಾನಾ ಆಜಾದ್ ರಸ್ತೆಯಲ್ಲಿರುವ ಈ ದೇವಾಲಯಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1967ರಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆದಾಗ ಇಲ್ಲಿ ಎದ್ದ ಗಲಭೆಯಲ್ಲಿ ಅದಕ್ಕೆ ಬೆಂಕಿ ಬಿದ್ದಿತು, ಗಂಟೆಯೂ ಹಾಳಾಯಿತು. ಎಲ್ಲಿಯೋ ನಡೆದ ಯುದ್ಧಕ್ಕೆ ಇಲ್ಲಿಯ ಗಂಟೆ ಮೌನವಾಯಿತು. ಹೊಸ ಗಂಟೆ ಬಂದದ್ದು 2017ರ ಅಕ್ಟೋಬರಿನಲ್ಲಿ, ಸರಿಯಾಗಿ 50 ವರ್ಷಗಳ ನಂತರ. ಅದನ್ನು ಮೊದಲು ಬಾರಿಸಿದ ದಿನ ಮುಸ್ಲಿಮರು, ಹಿಂದೂಗಳು, ಸಿಖ್ಖರು ಕೂಡ ಬಂದು ನಿಂತಿದ್ದರು.

ಪೂಜೆ ಮುಗಿಸಿ ಹೊರಬಂದಾಗ ಕಾಕಾನ ಮಗ, "ಹಂಗಾದ್ರ 50 ವರ್ಷದ ಇನ್ನೊಂದು ಕಥಿ ಐತ್ರಿ, ನಾಳೆ ತೋರಸ್ತೀನಿ" ಎಂದ. ಮರುದಿನ ಬೆಳಿಗ್ಗೆ ನಮ್ಮನ್ನು ತೋಸಾ ಮೈದಾನಕ್ಕೆ ಕರೆದುಕೊಂಡು ಹೊರಟ.

ಮೈದಾನದ ದಾರಿ

ಶ್ರೀನಗರದಿಂದ ಗುಲ್ಮಾರ್ಗ್ ರಸ್ತೆ ಹಿಡಿದು ಮಾಗಾಮ್ ತಲುಪಬೇಕು. ಅಲ್ಲಿಂದ ಬೀರ್ವಾ ದಾಟಿದರೆ ಬಡ್ಗಾಮ್ ಜಿಲ್ಲೆಯ ಖಾಗ್ ಎಂಬ ಸಣ್ಣ ಪೇಟೆ ಸಿಗುತ್ತದೆ. ಗದ್ದೆ, ಸೇಬಿನ ತೋಟ, ಅಕ್ರೋಟ ಮರಗಳು ಹಿಂದೆ ಸರಿದ ಮೇಲೆ ದೇವದಾರು ಕಾಡು ಶುರುವಾಗುತ್ತದೆ. ಕಾಡು ಮುಗಿದದ್ದೇ ತಡ, ಕಣ್ಣು ಹಾಯಿಸಿದಷ್ಟು ಹಸಿರು. ಸಮುದ್ರಮಟ್ಟದಿಂದ ಸುಮಾರು 10,000 ಅಡಿ ಎತ್ತರ. ಅದರಾಚೆ ಪೀರ್ ಪಂಜಾಲ್ ಪರ್ವತಗಳ ಹಿಮ. ಇಲ್ಲಿಯ ನೀರೇ ಸುಖ್‌ನಾಗ್ ಹೊಳೆಯಾಗಿ ಕೆಳಗಿನ ಹಳ್ಳಿಗಳಿಗೆ ಹರಿಯುತ್ತದೆ.

ಈ ಮೈದಾನ ಹಿಂದೆ ಪೂಂಛ್ ಕಡೆಯಿಂದ ಕಾಶ್ಮೀರಕ್ಕೆ ಬರುವ ಹೆದ್ದಾರಿಯಾಗಿತ್ತು. 1814ರಲ್ಲಿ ಮಹಾರಾಜ ರಣಜಿತ್ ಸಿಂಗ್ ಕಾಶ್ಮೀರ ಗೆಲ್ಲಲು ಸೈನ್ಯದೊಡನೆ ಬಂದು ಸೋತು ಹಿಂತಿರುಗಿದ್ದು ಇದೇ ದಾರಿಯಲ್ಲಿ. ಸೈನ್ಯಗಳು ಬಂದವು, ಹೋದವು. ಉಳಿದವರು ಕುರಿಗಾರರು. ಬೇಸಿಗೆ ಬಂದರೆ ಗುಜ್ಜರರು, ಬಕರ್‌ವಾಲರು ಹಿಂಡಿನೊಂದಿಗೆ ಇಲ್ಲಿಗೆ ಏರುತ್ತಾರೆ. ಊರವರ ಕುರಿಗಳನ್ನು ಕೂಲಿಗೆ ಮೇಯಿಸುವ ಚೋಪಾನರೂ ಬರುತ್ತಾರೆ.

ಕಾಕಾ ಗಾಡಿಯಿಂದ ಇಳಿದವರೇ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು ಮೂಸಿದರು. "ಇಂಥಾ ಹುಲ್ಲ ಇದ್ರ ನಮ್ಮ ಕುರಿ ಮನೀ ಕಡಿ ಬರಾಂಗಿಲ್ಲ ನೋಡ್ರಿ ಮಾಸ್ತರ" ಎಂದರು. ಆಮೇಲೆ ಸುತ್ತ ನೋಡಿ, "ಇಷ್ಟು ಹುಲ್ಲ ಐತಿ, ಕುರಿ ಯಾಕ ಇಷ್ಟ ಕಡಿಮಿ?" ಎಂದು ಕೇಳಿದರು. ಮಗ ಕಥೆ ಹೇಳತೊಡಗಿದ.

ಹುಲ್ಲಿನಲ್ಲಿ ಉಳಿದ ಮದ್ದು

1964ರಲ್ಲಿ ಈ ಮೈದಾನವನ್ನು ಫಿರಂಗಿ ಅಭ್ಯಾಸಕ್ಕೆಂದು ಸೇನೆಗೆ 50 ವರ್ಷದ ಗುತ್ತಿಗೆಗೆ ಕೊಡಲಾಯಿತು. ದೇಶಕ್ಕೆ ಸೈನ್ಯ ಬೇಕು, ಸೈನಿಕನಿಗೆ ಅಭ್ಯಾಸವೂ ಬೇಕು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಾರಿಸಿದ ಶೆಲ್ಲುಗಳೆಲ್ಲ ಸಿಡಿಯುವುದಿಲ್ಲ. ಕೆಲವು ಹಿಮದ ಮೇಲೋ ಕೆಸರಿನ ಮೇಲೋ ಮೆತ್ತಗೆ ಬೀಳುತ್ತವೆ, ಮೂತಿಯಲ್ಲಿರುವ ಫ್ಯೂಸಿಗೆ ಬೇಕಾದ ಪೆಟ್ಟು ಬೀಳುವುದಿಲ್ಲ. ಅಂಥ ಶೆಲ್ ಸತ್ತಿಲ್ಲ, ಮಲಗಿದೆ ಅಷ್ಟೇ. ಕಬ್ಬಿಣ ತುಕ್ಕು ಹಿಡಿದರೂ ಒಳಗಿನ ಮದ್ದು ಹತ್ತಾರು ವರ್ಷ ಉಳಿಯುತ್ತದೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ, ವಸಂತದಲ್ಲಿ ಕರಗುವಾಗ ಆಳದಲ್ಲಿದ್ದದ್ದು ಮೇಲಕ್ಕೆ ಬರುತ್ತದೆ. ಮಳೆನೀರು ಅದನ್ನು ಉರುಳಿಸಿ ತೊರೆಗೆ, ತೊರೆಯಿಂದ ಊರಿನ ಹತ್ತಿರಕ್ಕೆ ತರುತ್ತದೆ.

ಕುರಿ ಮೇಯಿಸಲು ಹೋದವರು, ಸೌದೆಗೆ ಹೋದವರು ಅದನ್ನು ತುಳಿದರು. ಬಡವರು ಗುಜರಿಗೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲು ಕಬ್ಬಿಣ ಆಯ್ದರು. 50 ವರ್ಷಗಳಲ್ಲಿ ಸುತ್ತಲಿನ ಹಳ್ಳಿಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಕೈ ಕಾಲು ಕಳೆದುಕೊಂಡವರೂ ಇದ್ದಾರೆ. ಮೈದಾನಕ್ಕೆ ಹತ್ತಿರದ ಶುಂಗ್ಲಿಪೋರಾ ಎಂಬ ಒಂದೇ ಹಳ್ಳಿಯಲ್ಲಿ ವಿಧವೆಯರ ಮನೆಗಳು ಎಷ್ಟೋ.

ಜನ ಎದುರಿಸಿದ್ದು ಕಲ್ಲಿನಿಂದಲ್ಲ, ಕಾಗದದಿಂದ. ವೈದ್ಯರಾದ ಡಾ. ಶೇಖ್ ಗುಲಾಮ್ ರಸೂಲ್ ಮತ್ತು ಅವರ ಜೊತೆಗಾರರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಗುತ್ತಿಗೆ ಎಂದು ಮುಗಿಯುತ್ತದೆ, ಎಷ್ಟು ಜನ ಸತ್ತಿದ್ದಾರೆ ಎಂದು ಕೇಳಿದರು. ಊರವರು ಸಭೆ ಸೇರಿ ಗುತ್ತಿಗೆ ಮುಂದುವರಿಸಬೇಡಿ ಎಂದು ಬೇಡಿಕೊಂಡರು. 2014ರ ಏಪ್ರಿಲ್ 18ಕ್ಕೆ ಗುತ್ತಿಗೆ ಮುಗಿಯಿತು. ಸರ್ಕಾರ ಅದನ್ನು ಮುಂದುವರಿಸಲಿಲ್ಲ. ಊರಲ್ಲಿ ಹಬ್ಬದಂಥ ಸಂತೋಷ.

ಅದಾದ ಒಂದು ತಿಂಗಳಿಗೆ, ಮೇ ತಿಂಗಳಲ್ಲಿ, ಶುಂಗ್ಲಿಪೋರಾದ ಏಳು ವರ್ಷದ ಹುಡುಗಿಯೊಬ್ಬಳು ಆಡುತ್ತಿದ್ದಾಗ ಶೆಲ್ ಸಿಡಿದು ತೀರಿಕೊಂಡಳು. ಜೊತೆಗಿದ್ದ ತಮ್ಮನಿಗೂ ಗಾಯವಾಯಿತು. ಫಿರಂಗಿಗಳು ಹೋಗಿದ್ದವು, ಗುತ್ತಿಗೆಯ ಕಾಗದವೂ ಮುಗಿದಿತ್ತು. ಆ ಮಗುವಿನ ಪಾಲಿಗೆ ಮಾತ್ರ ಏನೂ ಮುಗಿದಿರಲಿಲ್ಲ.

ಇಷ್ಟು ಕೇಳಿದ ನನ್ನ ಮನೆಯಾಕೆ ಹುಲ್ಲಿನ ಮೇಲೆ ಹಾಸಿದ್ದ ಚಾದರವನ್ನು ಮಡಚಿ ಗಾಡಿಯಲ್ಲಿಟ್ಟಳು. ನಾವು ತಂದಿದ್ದ ಬುತ್ತಿಯನ್ನು ರಸ್ತೆಯ ಬದಿಯಲ್ಲೇ ನಿಂತು ಉಂಡೆವು.

ಹುಡುಕಿ ತೆಗೆಯುವ ಕೆಲಸ

ಆ ವರ್ಷದ ಬೇಸಿಗೆಯಲ್ಲಿ ಸೇನೆಯವರೇ ಮೈದಾನವನ್ನು ಶುಚಿಮಾಡಲು ಬಂದರು. ಆ ಕಾರ್ಯಾಚರಣೆಗೆ ಅವರು ಇಟ್ಟ ಹೆಸರು 'ಫಲಾಹ್', ಎಂದರೆ ಒಳಿತು, ಕ್ಷೇಮ. ಅದು ಸುಮಾರು ಮೂರು ತಿಂಗಳು ನಡೆಯಿತು.

ಇಂಥ ಕೆಲಸ ಹೇಗೆ ಮಾಡುತ್ತಾರೆ ಎಂದು ಕಾಕಾನ ಮಗ ವಿವರಿಸಿದ. ನೆಲವನ್ನು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡು, ಸಾಲಾಗಿ ನಿಂತು, ಲೋಹ ಪತ್ತೆ ಮಾಡುವ ಉಪಕರಣ ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ನಡೆಯಬೇಕು. ಅದು ಶೆಲ್ಲಿಗೂ ಕೂಗುತ್ತದೆ, ಒಂದು ಮೊಳೆಗೂ ಕೂಗುತ್ತದೆ. ಕೂಗಿದ ಕಡೆಯಲ್ಲೆಲ್ಲ ಬಾವುಟ ನೆಟ್ಟು, ಮೊಣಕಾಲೂರಿ, ಮಣ್ಣನ್ನು ಕೈಯಿಂದ ಮೆಲ್ಲಗೆ ಸರಿಸಿ ನೋಡಬೇಕು. ಸಿಡಿಯದ ಶೆಲ್ ಸಿಕ್ಕರೆ ಸಾಮಾನ್ಯವಾಗಿ ಅದನ್ನು ಎತ್ತುವುದಿಲ್ಲ. ಎಲ್ಲರನ್ನೂ ದೂರ ಕಳಿಸಿ, ಪಕ್ಕದಲ್ಲಿ ಸ್ವಲ್ಪ ಮದ್ದಿಟ್ಟು, ಇದ್ದಲ್ಲೇ ಸಿಡಿಸುತ್ತಾರೆ. "ಹಾರ್ಸೂದು ಒಂದ್ ನಿಮಿಷದ ಕೆಲ್ಸರಿ ಮಾಸ್ತರ್ರ. ಹುಡುಕೂದು ಅಂದ್ರ ಜೀವಾ ಕೈಯಾಗ ಹಿಡಕೊಂಡು ಇಡೀ ದಿನ" ಎಂದ. ಈ ಕೆಲಸ ಮಾಡುವವರಿಗೆ ಪದಕ ಸಿಗುವುದು ಅಪರೂಪ.

ಅದಾದ ಮೇಲೆ 2016ರಲ್ಲಿ ಮೈದಾನವನ್ನು ಪ್ರವಾಸಿಗರಿಗೆ ತೆರೆದರು. ಆದರೂ 2018ರಲ್ಲಿ ಹಳೆಯ ಶೆಲ್ ಸಿಡಿದು ಯುವಕನೊಬ್ಬ ಸತ್ತನು. ಮೂರು ತಿಂಗಳಲ್ಲಿ ತೆಗೆದದ್ದು ಎಷ್ಟೇ ಇರಲಿ, 50 ವರ್ಷ ಬಿತ್ತಿದ್ದನ್ನೆಲ್ಲ ತೆಗೆದಂತಾಗಲಿಲ್ಲ.

ದೂರದ ಒಂದು ದ್ವೀಪ

ಇದು ಕಾಶ್ಮೀರದ ಕಥೆ ಮಾತ್ರವಲ್ಲ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊಗೆ ಸೇರಿದ ವಿಯೇಕೆಸ್ ಎಂಬ ಪುಟ್ಟ ದ್ವೀಪದಲ್ಲಿ ಕಥೋಲಿಕರೇ ಹೆಚ್ಚು. ಅಮೆರಿಕದ ನೌಕಾಪಡೆ 1940ರ ದಶಕದಲ್ಲಿ ಆ ದ್ವೀಪದ ಬಹುಭಾಗವನ್ನು ವಶಕ್ಕೆ ತೆಗೆದುಕೊಂಡು ಸುಮಾರು 60 ವರ್ಷ ಅಲ್ಲಿ ಅಭ್ಯಾಸ ನಡೆಸಿತು. 1999ರ ಏಪ್ರಿಲ್ 19ರಂದು ವಿಮಾನದಿಂದ ಗುರಿ ತಪ್ಪಿ ಬಿದ್ದ ಬಾಂಬುಗಳಿಂದ ದಾವೀದ್ ಸಾನೆಸ್ ರೊದ್ರಿಗೆಸ್ ಎಂಬ ಕಾವಲುಗಾರ ಸತ್ತಾಗ ಜನ ಆ ನೆಲದಲ್ಲಿಯೇ ಗುಡಾರ ಹಾಕಿ ಕುಳಿತರು. ಕಾಗ್ವಾಸ್ ಧರ್ಮಕ್ಷೇತ್ರದ ಪ್ರೇಷಿತ ಆಡಳಿತಾಧಿಕಾರಿಯಾಗಿದ್ದ ಧರ್ಮಾಧ್ಯಕ್ಷ ಆಲ್ವಾರೊ ಕೊರಾಡಾ ದೆಲ್ ರಿಯೊ ಅವರ ಪರವಾಗಿ ನಿಂತರು. ಗುರುಗಳು, ಧರ್ಮಭಗಿನಿಯರು ಜನರೊಂದಿಗೆ ಅಲ್ಲೇ ಪ್ರಾರ್ಥಿಸಿದರು. 2003ರ ಮೇ 1ರಂದು ನೌಕಾಪಡೆ ಆ ನೆಲ ಬಿಟ್ಟಿತು. ಅಂದಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಅಲ್ಲಿಯ ನೆಲ ಮತ್ತು ಕಡಲತಳದ ಬಾಂಬುಗಳನ್ನು ತೆಗೆಯುವ ಕೆಲಸ ಇನ್ನೂ ಮುಗಿದಿಲ್ಲ. ಶ್ರೀಮಂತ ರಾಷ್ಟ್ರಕ್ಕೇ ಹೀಗಾದರೆ ಉಳಿದವರ ಪಾಡೇನು?

ಮೂರು ಕಲ್ಲು

ಹಿಂದಿರುಗುವ ಮುನ್ನ ಕಾಕಾ ದೂರದಲ್ಲಿದ್ದ ಹಿಂಡಿನ ಹತ್ತಿರ ಹೋಗಬೇಕೆಂದರು. ಭಾಷೆ ಬಾರದಿದ್ದರೂ ಕುರಿಗಾರನಿಗೆ ಕುರಿಗಾರನ ಗುರುತು ಸಿಗುತ್ತದೆ. ಅಲ್ಲಿದ್ದ ಮುದುಕ ನಮಗೆ ಉಪ್ಪಿನ ಚಹಾ ಕೊಟ್ಟ. ಕಾಕಾ ಕುರಿಯ ಬೆನ್ನಿನ ಉಣ್ಣೆ ಹಿಡಿದು ನೋಡಿದರು, ಅವನು ನಕ್ಕ. ಬರುವಾಗ ಕಾಲುದಾರಿಯ ಬದಿಯ ಹುಲ್ಲಿನಲ್ಲಿ ಗೇಣುದ್ದದ ತುಕ್ಕು ಹಿಡಿದ ಕಬ್ಬಿಣವೊಂದು ಕಂಡಿತು. ಕುರಿಗಾರನ ಅಭ್ಯಾಸ, ಕಾಕಾ ಕೋಲಿನಿಂದ ಅದನ್ನು ತಿರುವಲು ಹೋದರು.

"ಅಪ್ಪಾ, ಮುಟ್ಟಬ್ಯಾಡ!"

ಮಗ ಕೂಗಿದ ದನಿಗೆ ಕುರಿಗಳೂ ತಲೆಯೆತ್ತಿದವು. ಕಾಕಾ ಎತ್ತಿದ ಕೋಲು ಎತ್ತಿದಂತೆಯೇ ನಿಂತರು. ನಾವೆಲ್ಲ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆವು. ಮುದುಕ ಅದನ್ನು ದೂರದಿಂದಲೇ ನೋಡಿ, ದಾರಿಯ ಮೇಲೆ ಮೂರು ಕಲ್ಲು ಒಟ್ಟಿ ಗುರುತು ಮಾಡಿ, ಕೆಳಗಿನ ಪೊಲೀಸರಿಗೆ ಹೇಳಲು ಮೊಮ್ಮಗನನ್ನು ಕಳಿಸಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಅವನಿಗೆ ಇದು ದಿನದ ಮಾತು.

ಅದು ಶೆಲ್ಲೋ, ಮುರಿದ ಕೊಳವೆಯೋ ನಮಗೆ ತಿಳಿಯಲಿಲ್ಲ. ಗಾಡಿ ಹತ್ತಿದ ಮೇಲೆ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಖಾಗ್ ಹತ್ತಿರ ಬಂದಾಗ, "ನಮ್ಮೂರಾಗ ಹುಲ್ಲ ಇಲ್ಲ ಅಂತ ದಿನಾ ದೇವರಿಗೆ ಬೈತಿದ್ದೆ ಮಾಸ್ತರ. ಇನ್ನ ಮ್ಯಾಲೆ ಬೈಯಾಂಗಿಲ್ಲ" ಎಂದರು.

ನಮಗೂ ಒಂದು ಮಾತು

ನಮ್ಮ ಕಡೆಗೂ ಇದು ದೂರದ ವಿಷಯವಲ್ಲ. ಸೊಲ್ಲಾಪುರದ ನೆರೆಯ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯಲ್ಲಿ ಟ್ಯಾಂಕುಗಳ ಅಭ್ಯಾಸ ನಡೆಯುವ ಕೆ.ಕೆ. ರೇಂಜ್ ಇದೆ. 2018ರ ನವೆಂಬರಿನಲ್ಲಿ ವರ್ಧಾ ಜಿಲ್ಲೆಯ ಪುಲ್‌ಗಾಂವ್ ಹತ್ತಿರ ಹಳೆಯ ಮದ್ದುಗುಂಡು ನಾಶಮಾಡಲು ಇಳಿಸುತ್ತಿದ್ದಾಗ ಸ್ಫೋಟವಾಗಿ ಆರು ಜನ ಸತ್ತರು. ಆದ್ದರಿಂದ ಮನೆಯಲ್ಲಿ ಮಕ್ಕಳಿಗೆ ಇಷ್ಟನ್ನು ಹೇಳಿಕೊಡಿ: ಗುರುತಿಲ್ಲದ ಕಬ್ಬಿಣವನ್ನು ಮುಟ್ಟಬಾರದು, ಒದೆಯಬಾರದು, ಬೆಂಕಿಗೆ ಹಾಕಬಾರದು. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಜಾಗ ನೆನಪಿಟ್ಟು, ಪೊಲೀಸರಿಗೆ ತಿಳಿಸಬೇಕು. ಗುಜರಿ ವ್ಯಾಪಾರ ಮಾಡುವ ಬಂಧುಗಳೂ ಇದನ್ನು ಮರೆಯಬಾರದು.

ತೋಸಾ ಮೈದಾನಕ್ಕೆ ಹೋಗಬೇಕೆನ್ನುವವರು ಮೊದಲು ವಿಚಾರಿಸಿಕೊಳ್ಳಿ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್‌ನಲ್ಲಿ ನಡೆದ ಹತ್ಯಾಕಾಂಡದ ನಂತರ ಕಾಶ್ಮೀರದ ಎಷ್ಟೋ ತಾಣಗಳನ್ನು ಮುಚ್ಚಲಾಗಿತ್ತು.

ಖಡ್ಗಗಳನ್ನು ಕುಟ್ಟಿ ನೇಗಿಲು ಮಾಡುವ ದಿನದ ಬಗ್ಗೆ ಪ್ರವಾದಿ ಯೆಶಾಯ ಹೇಳಿದ್ದನ್ನು ನಾವು ಆಗಮನ ಕಾಲದಲ್ಲಿ ಪ್ರತಿ ಸಲ ಕೇಳುತ್ತೇವೆ. ನೇಗಿಲು ಮಾಡಿದರೆ ಸಾಲದು, ಅದು ಉಳುವ ನೆಲವೂ ಶುದ್ಧವಾಗಬೇಕು ಎಂದು ನನಗೆ ತಿಳಿದದ್ದು ಆ ಮೈದಾನದಲ್ಲಿ. ಪಾಪ ಕ್ಷಮೆಯಾದ ಮೇಲೂ ಮಾಡಿದ ಹಾನಿಯನ್ನು ತುಂಬಿಕೊಡಬೇಕೆಂದು ಧರ್ಮೋಪದೇಶದಲ್ಲಿ ಕಲಿತವರು ನಾವು. ನೆಲದ ವಿಷಯದಲ್ಲೂ ಹಾಗೆಯೇ. ತೆಗೆದುಕೊಂಡ ನೆಲವನ್ನು ಹಿಂತಿರುಗಿಸಿದೆ ಎನ್ನಬೇಕಾದರೆ ಅಲ್ಲಿ ಒಂದು ಮಗು ಕಂಡದ್ದನ್ನು ಎತ್ತಿಕೊಂಡು ಆಡುವಂತಿರಬೇಕು.

ಆ ಏಳು ವರ್ಷದ ಹುಡುಗಿಗಾಗಿ, ಅವಳ ತಾಯಿ ತಂದೆಗಾಗಿ, ಮೊಣಕಾಲೂರಿ ಮಣ್ಣು ಸರಿಸುವ ಸೈನಿಕರಿಗಾಗಿ ಈ ರಾತ್ರಿಯ ಜಪಸರದಲ್ಲಿ ಒಂದು ನಮೋ ಮರಿಯ ಹೇಳೋಣ.